ಬಿಸಿಲ ನಾಡಿನಲ್ಲಿ ತಂಪುನೀರಿನ ಜೀವಿ: ಆಕ್ಸಲಾಟಲ್ ಸಾಕುವ ಮುನ್ನ ತೊಟ್ಟಿಯನ್ನು ಅಣಿಗೊಳಿಸುವ ಬಗೆ

ತಲೆಯ ಎರಡೂ ಬದಿಗೆ ಗರಿಯಂಥ ಕಿವಿರು, ಮುಗುಳ್ನಗುವಂತೆ ಕಾಣುವ ಅಗಲ ಬಾಯಿ, ನಸುಗೆಂಪು ಮೈ. ಮಕ್ಕಳಿಗೆ ಆಕ್ಸಲಾಟಲ್ ಪರಿಚಯವಾದದ್ದು ಬಹುಮಟ್ಟಿಗೆ ಪರದೆಯ ಮೇಲೆ. 2021ರಲ್ಲಿ ಮೈನ್‌ಕ್ರಾಫ್ಟ್ ಆಟದೊಳಗೆ ಈ ಪ್ರಾಣಿ ಸೇರಿದ ಮೇಲೆ ಅದರ ಹೆಸರು ಮನೆಮನೆಯ ಮಕ್ಕಳ ಬಾಯಲ್ಲಿದೆ. ಅಲಂಕಾರಿಕ ಮೀನುಗಳ ವ್ಯಾಪಾರದ ಮೂಲಕ ಜೀವಂತ ಪ್ರಾಣಿಯೂ ನಮ್ಮ ದೇಶದ ನಗರಗಳಿಗೆ ಬಂದಿದೆ. ಕೊಯಮತ್ತೂರಿನ ಪೀಳಮೇಡು ಭಾಗದಲ್ಲಾಗಲಿ, ತಿರುಪ್ಪೂರಿನಲ್ಲಾಗಲಿ ವಾಸಿಸುವ ಕನ್ನಡ ಕುಟುಂಬವೊಂದರ ಮಗು “ನಮಗೂ ಒಂದು ಬೇಕು” ಎಂದು ಹಟ ಹಿಡಿದರೆ ಪಾಲಕರು ಏನನ್ನು ತಿಳಿದಿರಬೇಕು ಎಂಬುದನ್ನು ಕನ್ನಡದಲ್ಲಿ ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಪ್ರಾಣಿಗೆ ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನ ನೀರು. ಅದೂ ಒಂದು ಋತುವಿಗಲ್ಲ, ವರ್ಷದ ಎಲ್ಲ ದಿನವೂ. ಆ ತಂಪನ್ನು ಕೊಡಲು ಸಾಧ್ಯವಾಗುವ ಮನೆ ಮಾತ್ರ ಮುಂದಿನ ಹೆಜ್ಜೆ ಇಡಬಹುದು. ಸಾಧ್ಯವಾಗದ ಮನೆಗೆ ಬೇರೊಂದು ಒಳ್ಳೆಯ ದಾರಿಯಿದೆ. ಅದನ್ನೂ ಕೊನೆಯಲ್ಲಿ ತಿಳಿಸಿದ್ದೇವೆ.

ಇದು ಮೀನಲ್ಲ

ಆಕ್ಸಲಾಟಲ್ ಕಪ್ಪೆಯ ದೂರದ ನೆಂಟ; ಬಾಲವುಳ್ಳ ಉಭಯವಾಸಿಗಳಾದ ಸಲಮಾಂಡರ್‌ಗಳ ಗುಂಪಿಗೆ ಸೇರಿದ್ದು. ವೈಜ್ಞಾನಿಕ ಹೆಸರು ಆಂಬಿಸ್ಟೋಮ ಮೆಕ್ಸಿಕಾನಮ್. ನಮ್ಮ ಕೆರೆಗಳ ಗೊದಮೊಟ್ಟೆ ಕಾಲು ಮೂಡಿಸಿಕೊಂಡು, ಕಿವಿರು ಕಳೆದುಕೊಂಡು ಕಪ್ಪೆಯಾಗಿ ದಡ ಹತ್ತುತ್ತದೆ. ಆಕ್ಸಲಾಟಲ್ ಹಾಗೆ ಮಾಡುವುದಿಲ್ಲ. ಕಾಲು ಮೂಡಿದರೂ ಕಿವಿರನ್ನು ಉಳಿಸಿಕೊಂಡು, ಎಳೆತನದ ರೂಪದಲ್ಲಿಯೇ ಪ್ರಾಯಕ್ಕೆ ಬಂದು, ನೀರಿನಲ್ಲಿಯೇ ಮೊಟ್ಟೆಯಿಟ್ಟು, ನೀರಿನಲ್ಲಿಯೇ ಬಾಳು ಮುಗಿಸುತ್ತದೆ. ಪೂರ್ಣ ಬೆಳೆದಾಗ ಸುಮಾರು 20ರಿಂದ 30 ಸೆಂಟಿಮೀಟರ್ ಉದ್ದವಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುತ್ತದೆ. ಐದನೆಯ ತರಗತಿಯ ಮಗು ತಂದ ಪ್ರಾಣಿ ಆ ಮಗು ಕಾಲೇಜು ಮುಗಿಸುವಾಗಲೂ ಮನೆಯಲ್ಲಿರುತ್ತದೆ ಎಂದು ಲೆಕ್ಕ ಹಾಕಬೇಕು.

ಅದರ ತವರು ಮೆಕ್ಸಿಕೊ ನಗರದ ಅಂಚಿನ ಸೊಚಿಮಿಲ್ಕೊ ಸರೋವರ ಮತ್ತು ಕಾಲುವೆಗಳು. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ, ನಮ್ಮ ಉದಕಮಂಡಲಕ್ಕೆ ಹೋಲಿಸಬಹುದಾದ ಎತ್ತರದ ನೆಲ ಅದು. ತಂಪುನೀರಿನ ಬೇಡಿಕೆಗೆ ಕಾರಣ ಇಲ್ಲಿಯೇ ಸಿಗುತ್ತದೆ. ನಗರ ಬೆಳೆದು, ನೀರು ಕೆಟ್ಟು, ಹೊರಗಿನಿಂದ ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳು ಮೊಟ್ಟೆ ಮರಿಗಳನ್ನು ತಿಂದು, ಕಾಡುಸಂತತಿ ಕುಸಿಯಿತು. 1998ರ ಗಣತಿಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಗಣತಿಯಲ್ಲಿ 36ಕ್ಕೆ ಇಳಿದಿತ್ತು. ಇಂದು ಸಾಕುವವರ ಬಳಿಯಿರುವ ಪ್ರಾಣಿಗಳು ತೊಟ್ಟಿಗಳಲ್ಲಿಯೇ ಹುಟ್ಟಿದಂಥವು. 1864ರಲ್ಲಿ ಪ್ಯಾರಿಸ್ಸಿಗೆ ತಲುಪಿದ 34 ಆಕ್ಸಲಾಟಲ್‌ಗಳಿಂದ ಈ ಸಾಕುಸಂತತಿಯ ಚರಿತ್ರೆ ಆರಂಭವಾಗುತ್ತದೆ. ಕಳೆದುಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿಯಿಂದಾಗಿ ವಿಜ್ಞಾನಿಗಳಿಗೂ ಇದು ಅಚ್ಚುಮೆಚ್ಚು.

ಮೊದಲು ಕಾನೂನು

ಆಕ್ಸಲಾಟಲ್ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ನೋಂದಣಿಯ ನಿಯಮಗಳು 2024ರಲ್ಲಿ ಪ್ರಕಟವಾಗಿವೆ. ಅರ್ಜಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಸಲ್ಲಿಸಬೇಕಾಗುತ್ತದೆ. ಪ್ರಾಣಿ ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸುವ ಹೊಣೆ ಸಾಕುವವರದೇ. ಆದ್ದರಿಂದ ಮಾರುವವರಿಂದ ರಸೀದಿಯನ್ನೂ ಮೂಲದ ದಾಖಲೆಯನ್ನೂ ಕೇಳಿ ಪಡೆಯಿರಿ. ದಾಖಲೆ ಕೊಡಲು ಹಿಂಜರಿಯುವವರಲ್ಲಿ ಕೊಳ್ಳಬೇಡಿ. ಸಂದೇಹವಿದ್ದರೆ ಜಿಲ್ಲಾ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ.

ತೊಟ್ಟಿಯ ಅಳತೆ ಮತ್ತು ಜಾಗ

ಆಕ್ಸಲಾಟಲ್ ತಳದಲ್ಲಿ ನಡೆದಾಡುವ ಜೀವಿ. ಅದಕ್ಕೆ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ. ಬೆಳೆದ ಒಂದು ಪ್ರಾಣಿಗೆ 90 ಸೆಂಟಿಮೀಟರ್ ಉದ್ದ, 45 ಅಗಲ, 40 ಎತ್ತರದ ಗಾಜಿನ ತೊಟ್ಟಿ ಅನುಕೂಲ. 35 ಸೆಂಟಿಮೀಟರ್ ಮಟ್ಟಕ್ಕೆ ನೀರು ತುಂಬಿದರೆ 90×45×35, ಅಂದರೆ 1,41,750 ಘನ ಸೆಂಟಿಮೀಟರ್. ಸುಮಾರು 140 ಲೀಟರ್. ಈ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ. ನೀರಿನ ತೂಕವೇ 140 ಕಿಲೋ, ಗಾಜು ಬೇರೆ. ಆದ್ದರಿಂದ ಅಲುಗಾಡದ ಕಬ್ಬಿಣದ ಸ್ಟ್ಯಾಂಡ್ ಬೇಕು. ಹಳೆಯ ಮೇಜು ಸಾಲದು.

ಪಶ್ಚಿಮದ ಗೋಡೆ ಸಂಜೆಯವರೆಗೂ ಕಾದಿರುತ್ತದೆ, ತಾರಸಿಯ ಕೆಳಗಿನ ಕೋಣೆ ರಾತ್ರಿಯೂ ಬಿಸಿಯಾಗಿರುತ್ತದೆ. ನೆಲಮಾಳಿಗೆಯ ಅಥವಾ ಕೆಳಅಂತಸ್ತಿನ, ನೇರ ಬಿಸಿಲು ಬೀಳದ ಮೂಲೆಯನ್ನು ಆರಿಸಿ. ಅಡುಗೆಮನೆಯ ಹೊಗೆ, ಸೊಳ್ಳೆಬತ್ತಿ, ಕೀಟನಾಶಕದ ಸಿಂಪಡಣೆ ಇವುಗಳಿಂದ ತೊಟ್ಟಿ ದೂರವಿರಲಿ. ಈ ಪ್ರಾಣಿಯ ಚರ್ಮ ಬಹಳ ತೆಳುವಾಗಿದ್ದು ನೀರಿಗೆ ಬೆರೆತದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಆಕ್ಸಲಾಟಲ್ ಕೆಲವೊಮ್ಮೆ ಹೊರಕ್ಕೆ ನೆಗೆಯುವುದುಂಟು. ಗಾಳಿಯಾಡುವ ಜಾಲರಿ ಮುಚ್ಚಳ ಅಗತ್ಯ.

ತಳಕ್ಕೆ ಬಣ್ಣದ ಕಲ್ಲುಗಳನ್ನು ಹಾಕಲೇಬಾರದು. ಆಹಾರವನ್ನು ಬಾಯಿಂದ ಹೀರಿ ನುಂಗುವ ಈ ಜೀವಿ ಕಲ್ಲನ್ನೂ ನುಂಗುತ್ತದೆ. ಅದು ಕರುಳಿನಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೆ ಎರವಾಗಬಹುದು. ಎಳೆಯ ಪ್ರಾಣಿಗೆ ಬರಿಯ ಗಾಜಿನ ತಳ ಸಾಕು. 15 ಸೆಂಟಿಮೀಟರ್ ದಾಟಿದ ಮೇಲೆ ಚೆನ್ನಾಗಿ ತೊಳೆದ ನಯವಾದ ಸಣ್ಣ ಮರಳನ್ನು ತೆಳುವಾಗಿ ಹರಡಬಹುದು. ಕಣ್ಣಿಗೆ ರೆಪ್ಪೆಯಿಲ್ಲದ್ದರಿಂದ ಪ್ರಖರ ಬೆಳಕು ಅದಕ್ಕೆ ಹಿಂಸೆ. ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆ, ಅಗಲವಾದ ಪಿವಿಸಿ ಕೊಳವೆಯ ತುಂಡು ಇಂಥ ಎರಡು ಅಡಗುದಾಣಗಳನ್ನು ಇಡಿ. ಅವುಗಳ ಅಂಚು ಚೂಪಾಗಿರಬಾರದು. ಜಾವಾ ಫರ್ನ್, ಅನೂಬಿಯಸ್ ಮುಂತಾದ ಕಡಿಮೆ ಬೆಳಕಿನ ಸಸ್ಯಗಳು ಹೊಂದುತ್ತವೆ.

ನಮ್ಮ ಊರಿನ ನೀರು

ಕೊಯಮತ್ತೂರಿನ ಸಿರುವಾಣಿ ನೀರಿನ ಸಿಹಿ ಹೆಸರುವಾಸಿಯಾದದ್ದು. ಆ ಸಿಹಿಗೆ ಕಾರಣ ಅದರಲ್ಲಿ ಕರಗಿದ ಲವಣಗಳು ಕಡಿಮೆಯಿರುವುದು. ಅದು ಮೆದು ನೀರು. ಭವಾನಿ ನದಿಯ ಪಿಲ್ಲೂರು ಅಣೆಕಟ್ಟಿನಿಂದಲೂ ನಗರಕ್ಕೆ ನೀರು ಬರುತ್ತದೆ. ಇವೆರಡೂ ಸಾಲದಾದಾಗ ಮನೆಗಳಲ್ಲಿ ಕೊಳವೆ ಬಾವಿಯ ಗಡಸು ನೀರು ಬಳಕೆಯಾಗುತ್ತದೆ. ಹಲವು ವಸತಿ ಸಮುಚ್ಚಯಗಳಲ್ಲಿ ಎರಡೂ ಒಂದೇ ತೊಟ್ಟಿಯಲ್ಲಿ ಬೆರೆಯುತ್ತವೆ. ಕುಡಿಯಲು ಹಿತವಾದ ಮೆದು ನೀರು ಆಕ್ಸಲಾಟಲ್‌ಗೆ ಹಿತವಲ್ಲ. ಅದಕ್ಕೆ ಮಧ್ಯಮದಿಂದ ತುಸು ಗಡಸಾದ ನೀರು, ಅಂದರೆ ಲೀಟರಿಗೆ ಸುಮಾರು 125ರಿಂದ 250 ಮಿಲಿಗ್ರಾಂ ಗಡಸುತನವಿರುವ ನೀರು ಬೇಕು. ಪಿಎಚ್ 7.4ರಿಂದ 7.6ರ ಆಸುಪಾಸಿನಲ್ಲಿದ್ದರೆ ಒಳಿತು, 6.5ರಿಂದ 8ರವರೆಗೆ ತಾಳಿಕೊಳ್ಳುತ್ತದೆ.

ಹೀಗಾಗಿ ಅಂದಾಜಿನ ಮೇಲೆ ನಡೆಯದೆ, ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಕೊಂಡು ಮನೆಯ ನಲ್ಲಿನೀರನ್ನೂ ಕೊಳವೆ ಬಾವಿಯ ನೀರನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಸಿರುವಾಣಿಯ ನೀರು ತೀರ ಮೆದುವಾಗಿದ್ದರೆ ಅದಕ್ಕೆ ಗೊತ್ತಾದ ಪ್ರಮಾಣದಲ್ಲಿ ಕೊಳವೆ ಬಾವಿಯ ನೀರನ್ನು ಬೆರೆಸಿ ಬೇಕಾದ ಗಡಸುತನಕ್ಕೆ ತರಬಹುದು. ಕೊಳವೆ ಬಾವಿ ಇಲ್ಲದವರು ಹವಳದ ಚೂರುಗಳನ್ನು ಸಣ್ಣ ಜಾಲರಿ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಡುತ್ತಾರೆ. ಯಾವುದೇ ಬದಲಾವಣೆಯೂ ನಿಧಾನವಾಗಿರಲಿ.

ನಲ್ಲಿನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಬಾಯಿ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಆದರೆ ಕ್ಲೋರಮಿನ್ ಬಳಸಿದ್ದರೆ ಅದು ಹಾಗೆ ಹೋಗುವುದಿಲ್ಲ. ಅದಕ್ಕೆಂದೇ ಇರುವ ನೀರು ಶುದ್ಧೀಕರಣ ದ್ರಾವಣ ಬೇಕು. ಸಮುಚ್ಚಯದ ಮೇಲ್ತೊಟ್ಟಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದ ವಾರ ಆ ನೀರನ್ನು ಮುಟ್ಟಬೇಡಿ.

ಪ್ರಾಣಿಗಿಂತ ಮೊದಲು ಬ್ಯಾಕ್ಟೀರಿಯ

ಹೊಸ ತೊಟ್ಟಿಗಳಲ್ಲಿ ಪ್ರಾಣಿಗಳು ಸಾಯುವುದಕ್ಕೆ ಬಹುಸಾಮಾನ್ಯ ಕಾರಣ ಅವಸರ. ಪ್ರಾಣಿಯ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಉಂಟಾಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ಪಠ್ಯಪುಸ್ತಕದಲ್ಲಿ ಸಾರಜನಕ ಚಕ್ರವೆಂದು ಓದುವುದರ ಒಂದು ಭಾಗ ಗಾಜಿನ ತೊಟ್ಟಿಯೊಳಗೆ ಹೀಗೆ ಕಣ್ಣೆದುರು ನಡೆಯುತ್ತದೆ. ಈ ಬ್ಯಾಕ್ಟೀರಿಯಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು.

ಕ್ರಮ ಹೀಗೆ: ತೊಟ್ಟಿಗೆ ಕ್ಲೋರಿನ್ ಕಳೆದ ನೀರು ತುಂಬಿ, ಫಿಲ್ಟರ್ ಓಡಿಸಿ. ಸುವಾಸನೆ, ಸಾಬೂನು ಬೆರೆಯದ ಶುದ್ಧ ಅಮೋನಿಯವನ್ನು ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಸೇರಿಸಿ. ಈ ಕೆಲಸ ದೊಡ್ಡವರದು. ಅದು ಸಿಗದಿದ್ದರೆ ಚಿಟಿಕೆ ಮೀನಿನ ಆಹಾರವನ್ನು ಕೊಳೆಯಲು ಬಿಟ್ಟರೂ ಅಮೋನಿಯ ಹುಟ್ಟುತ್ತದೆ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ಬರೆದಿಡಿ. ಮೊದಲು ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ; ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಹಾಕಿದ ಅಮೋನಿಯ 24 ತಾಸಿನೊಳಗೆ ಸೊನ್ನೆಯಾಗಿ, ನೈಟ್ರೈಟ್ ಸಹ ಸೊನ್ನೆಯಿದ್ದರೆ ತೊಟ್ಟಿ ಸಿದ್ಧ. ಈ ಹಂತದಲ್ಲಿ ನೀರು ಬೆಚ್ಚಗಿದ್ದರೆ ಬ್ಯಾಕ್ಟೀರಿಯ ಬೇಗ ಬೆಳೆಯುವುದರಿಂದ ತಂಪುಗೊಳಿಸುವ ಅಗತ್ಯವಿಲ್ಲ. ಕೊನೆಗೆ ಹೆಚ್ಚಿನ ನೀರನ್ನು ಬದಲಿಸಿ, ನೈಟ್ರೇಟನ್ನು ಲೀಟರಿಗೆ 20 ಮಿಲಿಗ್ರಾಮಿಗಿಂತ ಕೆಳಕ್ಕೆ ಇಳಿಸಿ, ತಂಪುಗೊಳಿಸಿ, ಮತ್ತೊಂದು ವಾರ ಅಳೆದು ನೋಡಿದ ಮೇಲೆಯೇ ಪ್ರಾಣಿಯನ್ನು ತನ್ನಿ.

ಪೀಳಮೇಡು ಪಂಪುಗಳಿಗೆ ಹೆಸರಾದ ಊರು. ಆದರೆ ಈ ತೊಟ್ಟಿಗೆ ರಭಸದ ಪಂಪು ಹೊಂದದು. ಹರಿವು ಜೋರಾದರೆ ಆಕ್ಸಲಾಟಲ್ ಬಳಲಿ ಆಹಾರ ಬಿಡುತ್ತದೆ. ಗಾಳಿ ಪಂಪಿನಿಂದ ನಡೆಯುವ ದೊಡ್ಡ ಸ್ಪಂಜ್ ಫಿಲ್ಟರುಗಳು ಎರಡು ಇದ್ದರೆ ಸಾಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ಮರಳಿ ಇಡಿ. ಇಲ್ಲವಾದರೆ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯ ಕ್ಲೋರಿನ್‌ಗೆ ಬಲಿಯಾಗುತ್ತದೆ.

ತಂಪು: ಅಸಲಿ ಸವಾಲು

ಪಾಲಕ್ಕಾಡು ಕಣಿವೆಯ ಗಾಳಿಯಿಂದ ಕೊಯಮತ್ತೂರು ತಮಿಳುನಾಡಿನ ಬಯಲು ಊರುಗಳಿಗಿಂತ ಹಿತವೆನ್ನಿಸಿದರೂ, ಮಾರ್ಚಿಯಿಂದ ಮೇವರೆಗೆ ಮಧ್ಯಾಹ್ನದ ತಾಪ 35 ಡಿಗ್ರಿ ದಾಟುವುದು ಮಾಮೂಲು. ಚಳಿಗಾಲದ ಬೆಳಗಿನಲ್ಲಿ ಮಾತ್ರ ಹೊರಗಿನ ಗಾಳಿ 20ರ ಕೆಳಗಿಳಿಯುತ್ತದೆ. ಆಕ್ಸಲಾಟಲ್ 20 ಡಿಗ್ರಿಯವರೆಗೆ ನೆಮ್ಮದಿಯಾಗಿರುತ್ತದೆ. 22 ದಾಟಿದಂತೆ ಬಳಲುತ್ತದೆ. 24ರ ಮೇಲೆ ದಿನಗಟ್ಟಲೆ ಇದ್ದರೆ ರೋಗ, ಸಾವು ದೂರವಿಲ್ಲ. ಅಂದರೆ ನಮ್ಮ ಜಿಲ್ಲೆಗಳ ಬಯಲಿನಲ್ಲಿ ಯಂತ್ರದ ನೆರವಿಲ್ಲದೆ ಇದನ್ನು ವರ್ಷವಿಡೀ ಸಾಕಲಾಗದು.

ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಸಬಲ್ಲದು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. 31 ಡಿಗ್ರಿಯ ನೀರು 28 ಆದರೆ ನಮಗೆ ತಂಪು, ಅದಕ್ಕಲ್ಲ. ಮಂಜುಗಡ್ಡೆಯ ಬಾಟಲಿಗಳನ್ನು ಇಟ್ಟು ತೆಗೆಯುವುದರಿಂದ ತಾಪ ಏರಿಳಿದು ಪ್ರಾಣಿ ಇನ್ನಷ್ಟು ಬಳಲುತ್ತದೆ. ಅದು ಆಪತ್ಕಾಲದ ಉಪಾಯ ಮಾತ್ರ. ಸರಿಯಾದ ಸಾಧನ ಅಕ್ವೇರಿಯಂ ಚಿಲ್ಲರ್. ಫ್ರಿಜ್ಜಿನಂತೆ ಕಂಪ್ರೆಸರ್ ಉಳ್ಳ ಯಂತ್ರ. ನೀರು ಅದರೊಳಗೆ ಹಾದುಬರಲು ಒಂದು ಪಂಪು ಬೇಕು. ಮರಳುವ ನೀರನ್ನು ರಂಧ್ರಗಳಿರುವ ಅಡ್ಡ ಕೊಳವೆಯ ಮೂಲಕ ಬಿಟ್ಟರೆ ಹರಿವು ಮೃದುವಾಗುತ್ತದೆ. ಚಿಲ್ಲರಿನ ಬೆಲೆ ಪ್ರಾಣಿಯ ಬೆಲೆಗಿಂತ ಹಲವು ಪಟ್ಟು ಹೆಚ್ಚು.

ಬಿಲ್ಲಿನ ಲೆಕ್ಕವನ್ನೂ ನೋಡೋಣ. ಓಡುವಾಗ 150 ವ್ಯಾಟ್ ಸೆಳೆಯುವ ಚಿಲ್ಲರ್ ದಿನಕ್ಕೆ 12 ತಾಸು ಓಡಿದರೆ 1.8 ಯೂನಿಟ್, 60 ದಿನಕ್ಕೆ 108 ಯೂನಿಟ್. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಮನೆಯ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಉಚಿತ. ಆ ಉಚಿತ ಪಾಲನ್ನೆಲ್ಲ ತೊಟ್ಟಿಯೊಂದೇ ನುಂಗಿ, ಮನೆಯ ಉಳಿದ ಬಳಕೆಯನ್ನು ಮೇಲಿನ ದರಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಯಂತ್ರ ಓಡುವ ತಾಸುಗಳು ಇನ್ನೂ ಹೆಚ್ಚುತ್ತವೆ. ತೊಟ್ಟಿಯ ಹಿಂಬದಿ, ಎರಡು ಪಕ್ಕ ಮತ್ತು ತಳಕ್ಕೆ ದಪ್ಪ ಥರ್ಮೋಕೋಲ್ ಹಾಳೆ ಹಚ್ಚಿದರೆ ಯಂತ್ರದ ಹೊರೆ ತಗ್ಗುತ್ತದೆ. ಚಿಲ್ಲರ್ ಬಿಸಿಗಾಳಿಯನ್ನು ಹೊರಬಿಡುವುದರಿಂದ ಅದನ್ನು ಮುಚ್ಚಿದ ಕಪಾಟಿನಲ್ಲಿಡಬಾರದು.

ವಿದ್ಯುತ್ ಹೋದಾಗ ಏನು ಎಂಬ ಪ್ರಶ್ನೆಗೂ ಮೊದಲೇ ಉತ್ತರವಿರಬೇಕು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಒಂದು ಮನೆಯಲ್ಲಿರಲಿ. ಫ್ರೀಜರಿನಲ್ಲಿ ಮುಚ್ಚಿದ ಎರಡು ನೀರಿನ ಬಾಟಲಿಗಳು ಸದಾ ಸಿದ್ಧವಿರಲಿ. ತಾಸಿಗೆ ಒಂದೆರಡು ಡಿಗ್ರಿಗಿಂತ ವೇಗವಾಗಿ ತಾಪ ಬದಲಾಗದಂತೆ ಒಂದೊಂದಾಗಿ ತೇಲಿಬಿಡಿ.

ಆಹಾರ ಮತ್ತು ಒಡನಾಟ

ಎರೆಹುಳು ಅತ್ಯುತ್ತಮ ಆಹಾರ. ಔಷಧಿ ಸಿಂಪಡಿಸದ ನೆಲದ್ದು ಅಥವಾ ಗೊಬ್ಬರದ ತೊಟ್ಟಿಯಲ್ಲಿ ಸಾಕಿದ್ದು ಇರಲಿ. ತೊಳೆದು, ತಲೆಯ ಅಗಲಕ್ಕಿಂತ ಚಿಕ್ಕದಾಗಿ ಕತ್ತರಿಸಿ ಕೊಡಿ. ಎರೆಗೊಬ್ಬರದ ಸಣ್ಣ ಕೆಂಪು ಹುಳುಗಳು ಕಹಿ ಲೋಳೆ ಬಿಡುವುದರಿಂದ ಕೆಲವು ಪ್ರಾಣಿಗಳು ಅವನ್ನು ಉಗುಳುತ್ತವೆ. ಮುಳುಗುವ ಮಾಂಸಾಹಾರಿ ಗುಳಿಗೆಗಳೂ ಆಗುತ್ತವೆ. ಎಳೆಯದಕ್ಕೆ ದಿನವೂ, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಬಾರಿ ಸಾಕು. ಕೋಳಿ, ಕುರಿ ಮಾಂಸ ಬೇಡ. ಜೀವಂತ ಮೀನು ತಿನ್ನಿಸುವುದರಿಂದ ಪರೋಪಜೀವಿಗಳು ಬರುತ್ತವೆ. ಉಳಿದ ಆಹಾರವನ್ನು ಅಂದೇ ಹೊರತೆಗೆಯಿರಿ.

ಒಂದು ತೊಟ್ಟಿಗೆ ಒಂದೇ ಪ್ರಾಣಿ ಎಂಬುದು ಸುಲಭ ನಿಯಮ. ಮೀನುಗಳು ಅದರ ಕಿವಿರನ್ನು ಕಚ್ಚುತ್ತವೆ, ಇಲ್ಲವೇ ಅದರ ಹೊಟ್ಟೆ ಸೇರುತ್ತವೆ. ಮರಿಗಳು ಒಂದರ ಕಾಲನ್ನೊಂದು ಕಡಿಯುತ್ತವೆ. ಗಂಡು ಹೆಣ್ಣು ಜೊತೆಗಿದ್ದರೆ ಒಮ್ಮೆಗೆ ನೂರಾರು ಮೊಟ್ಟೆ. ಅಷ್ಟು ಮರಿಗಳಿಗೆ ತಂಪು ನೀರು ಎಲ್ಲಿಂದ ತರುವುದು? ಪ್ರಾಣಿಯನ್ನು ಕೈಯಿಂದ ಎತ್ತಿ ಆಡಿಸಬಾರದು. ಇದು ನೋಡಿ ಸಂತೋಷಪಡುವ ಜೀವಿ ಎಂದು ಮಗುವಿಗೆ ಮೊದಲ ದಿನವೇ ತಿಳಿಹೇಳಿ.

ವಾರದ ಕೆಲಸ, ಕನ್ನಡದ ದಿನಚರಿ

ವಾರಕ್ಕೊಮ್ಮೆ ನೀರಿನ ಐದನೆಯ ಒಂದು ಪಾಲು, ಅಂದರೆ 140 ಲೀಟರಿನಲ್ಲಿ 28 ಲೀಟರ್, ಸುಮಾರು ಎರಡು ಕೊಡ ನೀರನ್ನು ಬದಲಿಸಬೇಕು. ಹೊಸ ನೀರು ಕ್ಲೋರಿನ್ ಕಳೆದಿದ್ದು ತೊಟ್ಟಿಯಷ್ಟೇ ತಂಪಾಗಿರಲಿ. ಮಲವನ್ನು ಕೊಳವೆಯಿಂದ ಹೀರಿ ತೆಗೆಯಿರಿ; ಆ ನೀರು ಹೂಗಿಡಕ್ಕೆ ಒಳ್ಳೆಯ ಗೊಬ್ಬರ.

ಈ ಪ್ರಾಣಿಯ ಬಗೆಗಿನ ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಅಂಗಡಿಯ ಮಾತು ತಮಿಳಿನಲ್ಲಿ ನಡೆಯುತ್ತದೆ. ಮನೆಯ ದಾಖಲೆಯಾದರೂ ಕನ್ನಡದಲ್ಲಿರಲಿ ಎಂಬುದು ನಮ್ಮ ಆಗ್ರಹದ ಸಲಹೆ. ಒಂದು ನೋಟುಪುಸ್ತಕದಲ್ಲಿ ದಿನಾಂಕ, ಬೆಳಗಿನ ಮತ್ತು ಮಧ್ಯಾಹ್ನದ ತಾಪ, ಅಮೋನಿಯ, ನೈಟ್ರೈಟ್, ನೈಟ್ರೇಟ್, ಕೊಟ್ಟ ಆಹಾರ, ಕಂಡ ನಡವಳಿಕೆ ಎಂದು ಏಳು ಅಂಕಣ ಗೆರೆ ಹಾಕಿಕೊಡಿ. ಮೂರು ತಿಂಗಳು ಹೀಗೆ ಬರೆದ ಮಗುವಿಗೆ ಸಾರಜನಕ ಚಕ್ರವನ್ನು ಬಾಯಿಪಾಠ ಮಾಡಿಸುವ ಅಗತ್ಯವಿರುವುದಿಲ್ಲ. ವೈದ್ಯರ ಬಳಿ ಹೋಗಬೇಕಾದಾಗಲೂ ಈ ಪುಸ್ತಕವೇ ಮೊದಲ ಆಧಾರ.

ಕಿವಿರಿನ ಗರಿಗಳು ಕುಗ್ಗುವುದು ಅಥವಾ ಮುಂದಕ್ಕೆ ಬಾಗುವುದು, ಬಾಲದ ತುದಿ ಸುರುಳಿಯಾಗುವುದು, ಆಹಾರ ಬಿಡುವುದು, ಬಯಸದೆ ತೇಲುವುದು, ಹತ್ತಿಯಂಥ ಬಿಳಿ ಬೂಸ್ಟು ಇವು ಎಚ್ಚರಿಕೆಯ ಚಿಹ್ನೆಗಳು. ಕಂಡ ಕೂಡಲೇ ತಾಪವನ್ನೂ ನೀರನ್ನೂ ಪರೀಕ್ಷಿಸಿ. ಬಹುಪಾಲು ತೊಂದರೆಯ ಮೂಲ ಅಲ್ಲಿರುತ್ತದೆ. ಅಗತ್ಯವಿದ್ದರೆ ಶುದ್ಧವಾದ ತಂಪು ನೀರಿರುವ ಬೇರೆ ಡಬ್ಬಿಯಲ್ಲಿರಿಸಿ, ಆ ನೀರನ್ನು ದಿನವೂ ಪೂರ್ತಿಯಾಗಿ ಬದಲಿಸಿ. ಮೀನಿಗೆಂದು ಮಾರುವ ತಾಮ್ರಯುಕ್ತ ಔಷಧಿಗಳನ್ನು ಹಾಕಬೇಡಿ. ಉಭಯವಾಸಿಗಳನ್ನು ನೋಡಬಲ್ಲ ಪಶುವೈದ್ಯರು ವಿರಳ. ಯಾರು ಎಂಬುದನ್ನು ಪ್ರಾಣಿ ತರುವ ಮುನ್ನವೇ ವಿಚಾರಿಸಿಟ್ಟುಕೊಳ್ಳಿ.

ಕೆರೆಗೆ ಬಿಡಬೇಡಿ

ಸಾಕಲಾಗದಾಗ ಸಿಂಗಾನಲ್ಲೂರು ಕೆರೆಗೋ ನೊಯ್ಯಲ್ ನದಿಗೋ ಬಿಟ್ಟುಬಿಡುವ ಯೋಚನೆ ಬರಬಾರದು. ಅಲ್ಲಿನ ಬಿಸಿನೀರಿನಲ್ಲಿ ಅದು ಬದುಕದು. ಸಾಯುವ ಮುನ್ನ ತನ್ನ ಮೈಮೇಲಿನ ರೋಗಾಣುಗಳನ್ನು ನಮ್ಮ ನೀರಿಗೆ ಬಿಟ್ಟು ಹೋಗಬಹುದು. ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ ಅನೇಕ ಕಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಅದು ಹರಡಿದ್ದರಲ್ಲಿ ಸಾಕುಪ್ರಾಣಿಗಳ ವ್ಯಾಪಾರದ ಪಾಲೂ ಇದೆ. ನಮ್ಮದೇ ಜಿಲ್ಲೆಯ ವಾಲ್ಪಾರೈ ಬೆಟ್ಟಗಳು ಬೇರೆಲ್ಲೂ ಇಲ್ಲದ ಕಪ್ಪೆಗಳ ತವರು. ಸೊಚಿಮಿಲ್ಕೊದಲ್ಲಿ ಹೊರಗಿನ ಮೀನುಗಳು ಮಾಡಿದ ಹಾನಿಯನ್ನು ಇಲ್ಲಿ ಹೊರಗಿನ ಪ್ರಾಣಿಯಿಂದ ನಾವು ಮಾಡಬಾರದು.

ಬೇರೊಂದು ದಾರಿ

ಈ ಐದು ಪ್ರಶ್ನೆಗಳನ್ನು ಮನೆಯವರೆಲ್ಲ ಕೂಡಿ ಕೇಳಿಕೊಳ್ಳಿ. ಚಿಲ್ಲರ್ ಕೊಂಡು ವರ್ಷವಿಡೀ ಓಡಿಸಬಲ್ಲೆವೆ? ಎರಡು ತಿಂಗಳು ಖಾಲಿ ತೊಟ್ಟಿಯನ್ನು ಕಾಯುವ ತಾಳ್ಮೆ ಇದೆಯೆ? ನೋಂದಣಿ ಮಾಡಿಸುವೆವೆ? ಹಬ್ಬಕ್ಕೆ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಹತ್ತು ವರ್ಷದ ಮೇಲೆ ಇದು ಯಾರ ಹೊಣೆ? ಒಂದಕ್ಕಾದರೂ ಉತ್ತರ ಇಲ್ಲವೆಂದಾದರೆ ಆಕ್ಸಲಾಟಲ್ ಬೇಡ.

ಆಗ ನಾವು ಹೇಳುವುದು ಜೀಬ್ರಾ ಮೀನಿನ ಹೆಸರು. ನೀಲಿ ಪಟ್ಟೆಗಳ, ನಾಲ್ಕು ಸೆಂಟಿಮೀಟರಿನಷ್ಟೇ ಉದ್ದದ ಈ ಮೀನು ಭಾರತದ ತೊರೆಗಳದ್ದೇ. 24ರಿಂದ 28 ಡಿಗ್ರಿ ನೀರು ಅದಕ್ಕೆ ಹಿತ. 50 ಲೀಟರಿನ ತೊಟ್ಟಿಯಲ್ಲಿ ಎಂಟು ಮೀನುಗಳು ಚಟುವಟಿಕೆಯಿಂದಿರುತ್ತವೆ. ಚಿಲ್ಲರ್ ಬೇಕಿಲ್ಲ, ತೊಟ್ಟಿ ನೆರಳಿನಲ್ಲಿದ್ದರೆ ಸಾಕು. ಆಕ್ಸಲಾಟಲ್‌ನಲ್ಲಿ ಮಕ್ಕಳನ್ನು ಬೆರಗುಗೊಳಿಸುವ ಗುಣ ಇದರಲ್ಲೂ ಇದೆ. ತುಂಡಾದ ರೆಕ್ಕೆಯನ್ನು ಅದು ಮತ್ತೆ ಬೆಳೆಸಿಕೊಳ್ಳುತ್ತದೆ. ಗಾಯಗೊಂಡ ಹೃದಯವನ್ನೂ ಸರಿಪಡಿಸಿಕೊಳ್ಳುತ್ತದೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ಸಾರಜನಕ ಚಕ್ರ, ಅದೇ ಪರೀಕ್ಷಾ ಕಿಟ್, ಅದೇ ಏಳು ಅಂಕಣದ ನೋಟುಪುಸ್ತಕ ಇದಕ್ಕೂ ಸಲ್ಲುತ್ತವೆ. ಯಾವುದನ್ನು ಆರಿಸಿಕೊಂಡರೂ ಕ್ರಮ ಬದಲಾಗದಿರಲಿ: ಮೊದಲು ನೀರು, ಆಮೇಲೆ ಬ್ಯಾಕ್ಟೀರಿಯ, ಕೊನೆಯಲ್ಲಿ ಪ್ರಾಣಿ.